ಹಳೇ ರೈಫಲ್‌ಗೆ ಗುಂಡು ತರುವ ಮುಂಚೆ ನಳಿಗೆ ಮೇಲಿನ ಮುದ್ರೆ ಓದಿ

ಹೊಳಲ್ಕೆರೆ, ಚನ್ನಗಿರಿ ಕಡೆ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಬೋಲ್ಟ್ ರೈಫಲ್ ಲೈಸೆನ್ಸ್ ಸಮೇತ ಇಟ್ಟುಕೊಂಡವರು ದಯವಿಟ್ಟು ಗಮನಿಸಿ. "ನಮ್ದು ಮಿಲಿಟರಿ ಗನ್ನು, ತ್ರೀ ನಾಟ್ ತ್ರೀ" ಅನ್ನೋ ಮನೆಮಾತು ನಂಬಿ ಗುಂಡು ತರಬೇಡಿ.

ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್‌ಗಳು ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣ್ತವೆ. ಸೈನ್ಯದ್ದು .303 ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ, ಇಲ್ಲಿ ಇಂಚಿನಲ್ಲಿ), ಅದೇ ತ್ರೀ ನಾಟ್ ತ್ರೀ. 1960ರ ದಶಕದಲ್ಲಿ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 2ಎ, 2ಎ1 ರೈಫಲ್‌ಗಳು 7.62 ಎಂಎಂ. ನಾಗರಿಕರಿಗೆಂದು ಮಾಡಿದ್ದು .315, ಇದನ್ನೇ 8 ಎಂಎಂ ಅಂತಲೂ ಕರೀತಾರೆ. ಮೂರಕ್ಕೂ ಗುಂಡು ಬೇರೆ ಬೇರೆ. 8 ಎಂಎಂ ಅಂದಾಕ್ಷಣ ಜರ್ಮನ್ ಮೌಸರ್ ಗುಂಡೂ ನಡೆಯುತ್ತೆ ಅಂದುಕೊಳ್ಳಬೇಡಿ. ಅದರ ಕೇಸು (ಮದ್ದು ತುಂಬಿದ ಲೋಹದ ಕೊಳವೆ) 57 ಮಿ.ಮೀ. ಉದ್ದ, ಆಕಾರವೇ ಬೇರೆ. ತಪ್ಪು ಗುಂಡು ಹಾಕಿದರೆ ಕೇಸು ಸಿಡಿದು ಬಿಸಿ ಗಾಳಿ ನೇರ ಮುಖಕ್ಕೇ ಬರಬಹುದು.

ನಳಿಗೆ ಮೇಲಿನ ಮುದ್ರೆ, ಲೈಸೆನ್ಸ್ ಪುಸ್ತಕದಲ್ಲಿ ಬರೆದಿರೋ ಬೋರ್, ಪೆಟ್ಟಿಗೆ ಮೇಲಿನ ಹೆಸರು, ಮೂರೂ ಒಂದೇ ಇರಬೇಕು. ಮುದ್ರೆ ಅಳಿಸಿದ್ದರೆ ಅಥವಾ ಯಾರೋ ನಳಿಗೆ ಬದಲಿಸಿದ ಅನುಮಾನವಿದ್ದರೆ ಲೈಸೆನ್ಸ್ ಇರುವ ಗನ್ ರಿಪೇರಿಯವರಿಗೆ ತೋರಿಸಿ, ಅಲ್ಲಿಯತನಕ ಒಂದು ಗುಂಡೂ ಹಾರಿಸಬೇಡಿ. .303, 7.62 ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸ್‌ಗೆ ಸಿಗದಂಥವು. ಮುದ್ರೆ ಅದೇ ಆಗಿದ್ದರೆ ಡಿಸಿ ಕಚೇರಿಯಲ್ಲಿ ವಿಚಾರಿಸಿ.

ಟ್ರಂಕಿನಲ್ಲಿ ಸಿಕ್ಕ ಹಳೇ ಗುಂಡು ಹಸಿರು ಹಿಡಿದಿದ್ದರೆ ಮುಟ್ಟಿ ಒರೆಸೋಕೆ ಹೋಗಬೇಡಿ, ಪೊಲೀಸ್ ಠಾಣೆಗೆ ತಿಳಿಸಿ. ಚೆನ್ನಾಗಿ ಕಂಡರೂ ನಾನಂತೂ ಹಾರಿಸಲ್ಲ. ಹಳೇ ಪ್ರೈಮರ್‌ಗಳ (ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸೋ ಭಾಗ) ಉಪ್ಪು ನಳಿಗೆಯಲ್ಲಿ ಉಳಿದು ಬೇಗ ತುಕ್ಕು ಹಿಡಿಸುತ್ತೆ. ಬರೀ ಎಣ್ಣೆಗೆ ಅದು ಕರಗಲ್ಲ. ಅಂಥ ಗುಂಡು ಈಗಾಗಲೇ ಹಾರಿಸಿದ್ದರೆ ನಳಿಗೆಗೆ ಮೊದಲು ಬಿಸಿನೀರು, ಪೂರ್ತಿ ಒಣಗಿಸಿ ಆಮೇಲೆ ಎಣ್ಣೆ.