ವಾಚ್‌ಮನ್ ಮೇಜಿನ ಮೇಲಿನ ಘಾಟಿನ ಪುಸ್ತಕ

ಕುಶಾಲನಗರದಲ್ಲಿ ಅಪಾರ್ಟ್‌ಮೆಂಟ್ ಪಕ್ಕದಲ್ಲೇ ಕಾಫಿ ಹುರಿಯುವ ಅಂಗಡಿ ಹಾಕುತ್ತೇನೆ ಅಂದಾಗ ನಮ್ಮ ಕಾಫಿ ವ್ಯಾಪಾರದವರೆಲ್ಲ ನಕ್ಕಿದ್ದರು. "ಆರು ತಿಂಗಳಲ್ಲಿ ಕೂಡ್ಲೂರಿನ ಇಂಡಸ್ಟ್ರಿಯಲ್ ಏರಿಯಾಕ್ಕೆ ಗಂಟುಮೂಟೆ ಕಟ್ಟುತ್ತೀಯ" ಅಂದವರೂ ಇದ್ದರು. ಈಗ ಒಂದು ಮಳೆಗಾಲ ದಾಟಿದೆ. ಅದೇ ಅಪಾರ್ಟ್‌ಮೆಂಟಿನ 24 ಮನೆಗಳಲ್ಲಿ ಹದಿನೈದಕ್ಕೆ ಪುಡಿ ಹೋಗುವುದು ನಮ್ಮಲ್ಲಿಂದಲೇ.

ಮೊದಲ ತಪ್ಪು ನನ್ನದು. ಯಾರಿಗೂ ಒಂದು ಮಾತು ಹೇಳದೆ ಮೆಷಿನ್ ಇಳಿಸಿದೆ. ಕೊಯಮತ್ತೂರಿನಿಂದ ತಂದ ಸೆಕೆಂಡ್‌ಹ್ಯಾಂಡ್ 15 ಕೆ.ಜಿ. ರೋಸ್ಟರ್, ಲಾರಿ ಬಾಡಿಗೆ ಸೇರಿ ನಾಲ್ಕು ಲಕ್ಷದ ಹತ್ತಿರ. ಟ್ರಯಲ್ ಅಂತ ಎರಡು ಬ್ಯಾಚ್ ಹುರಿದೆ. ಮಾರನೇ ದಿನ 22 ಮನೆಯವರು ಸಹಿ ಹಾಕಿದ ಅರ್ಜಿ ಲೈಸೆನ್ಸ್ ಕೊಡುವವರ ಮೇಜು ತಲುಪಿತ್ತು. ಫೈಲು ಅಲ್ಲೇ ಮಲಗಿತು. ಏಳು ತಿಂಗಳು, ತಿಂಗಳಿಗೆ 14 ಸಾವಿರ, ಬಾಡಿಗೆ ಸುಮ್ನೆ ಕಟ್ಟಿದೆ. ವಕೀಲರಿಗೆ ಮೂವತ್ತು ಚಿಲ್ಲರೆ ಸಾವಿರ. ಅವರು ಕಳಿಸಿದ ನೋಟಿಸ್ ಓದಿ, ಸಹಿ ಹಾಕದೆ ಉಳಿದಿದ್ದ ಎರಡು ಮನೆಯವರೂ ಹಾಕಿದರು! ಅದು 2024. ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆ.ಜಿ. ಮೂಟೆಗೆ ಹತ್ತು ಸಾವಿರ ದಾಟಿದ ವರ್ಷ. ಇದ್ದಬದ್ದ ದುಡ್ಡೆಲ್ಲ ಬೀಜದಲ್ಲಿ ಕೂತಿತ್ತು.

ಕೊನೆಗೆ ವಕೀಲರನ್ನು ಬಿಟ್ಟು 200 ಪುಟದ ಒಂದು ನೋಟ್‌ಬುಕ್ ಕೊಂಡೆ. ಮೂರನೇ ಮಹಡಿಯಲ್ಲಿ ರಿಟೈರ್ಡ್ ಟೀಚರ್ ಒಬ್ಬರಿದ್ದಾರೆ. ವಿರೋಧಕ್ಕೆ ಅವರೇ ಮುಂದು. ಅವರ ಕೈಗೇ ಕೊಟ್ಟೆ. "ಟೀಚರ್, ಇದು ವಾಚ್‌ಮನ್ ಮೇಜಿನ ಮೇಲಿರಲಿ. ವಾಸನೆ ಬಂದಾಗಲೆಲ್ಲ ಟೈಮು, ಮನೆ ನಂಬರು, ಎಂಥ ವಾಸನೆ ಅಂತ ಬರೆಯಿರಿ. ಮೂರು ತಿಂಗಳಲ್ಲಿ ಸರಿ ಹೋಗದಿದ್ದರೆ ಮೆಷಿನ್ ಎತ್ತುತ್ತೇನೆ" ಅಂದೆ. ಅದನ್ನೇ ಛಾಪಾ ಕಾಗದದಲ್ಲೂ ಬರೆದುಕೊಟ್ಟೆ. "ನಾವು ಸುಳ್ಳು ಬರೆಯಲ್ಲ ಕಣಪ್ಪ, ನೀನು ಹಾಳೆ ಹರಿಯಬಾರದು" ಅಂದರು. ಅಪಾರ್ಟ್‌ಮೆಂಟಿನ ಸಂಘದ ಒಪ್ಪಿಗೆ ಪತ್ರ ಸಿಕ್ಕಿದ ಮೇಲೆ ಫೈಲು ಅಲ್ಲಾಡಿತು.

ಮೊದಲ ತಿಂಗಳು ನಲವತ್ತು ದೂರು. ಯಾವಾಗ ಹುರಿದೆ ಅಂತ ಬರೆದಿಡುವ ನನ್ನ ಬ್ಯಾಚ್ ಪುಸ್ತಕದ ಜೊತೆ ಇಟ್ಟು ನೋಡಿದರೆ, ಹನ್ನೆರಡು ಹದಿಮೂರು ದೂರಿನ ಹೊತ್ತಿಗೆ ರೋಸ್ಟರ್ ಆಫ್ ಇತ್ತು. ಹಿಂದಿನ ಖಾಲಿ ಸೈಟಿನಲ್ಲಿ ಯಾರೋ ಕಸ ಸುಡುತ್ತಿದ್ದರು. ನಾನು ವಾದ ಮಾಡಲಿಲ್ಲ. ಎರಡೂ ಪುಸ್ತಕ ಟೀಚರ್ ಮುಂದಿಟ್ಟು ಬಂದೆ. ಉಳಿದವು ಬಹುಪಾಲು ಬೆಳಿಗ್ಗೆ 9ರ ಒಳಗಿನವು. ಚಳಿಗಾಲದಲ್ಲಿ ಕಾವೇರಿ ಕಡೆಯ ಮಂಜು ಕೂತಿರುವಾಗ ಹೊಗೆ ಮೇಲೇಳುವುದಿಲ್ಲ, ನೆಲದ ಮೇಲೇ ತೆವಳುತ್ತದೆ. ನಾನೋ ಸೆಕೆ ತಪ್ಪಿಸಲು ಬೆಳಿಗ್ಗೆ ಆರಕ್ಕೇ ಹುರಿಯುತ್ತಿದ್ದೆ. ಹನ್ನೊಂದರ ಮೇಲೆ ಶುರು ಮಾಡಿದೆ. ಮುಂದಿನ ತಿಂಗಳು ದೂರು ಹತ್ತಕ್ಕೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲ.

ಆ ಹತ್ತಕ್ಕೇ ದುಡ್ಡು ಹೋಗಿದ್ದು. ಎಲ್ಲವೂ ಹೋಟೆಲಿಗೆ ಡಾರ್ಕ್ ರೋಸ್ಟ್, ಅಂದರೆ ಕಪ್ಪಗೆ ಹುರಿಯುವ ದಿನಗಳವು. ಹುರಿಯುವಾಗ ಬೀಜ ಎರಡು ಸಲ ಚಟಪಟ ಸಿಡಿಯುತ್ತದೆ, ಫಸ್ಟ್ ಕ್ರ್ಯಾಕ್, ಸೆಕೆಂಡ್ ಕ್ರ್ಯಾಕ್ ಅಂತೀವಿ. ಎರಡನೆಯದು ದಾಟಿದರೆ ಹೊಗೆಯೋ ಹೊಗೆ. ಹೊಗೆಯನ್ನು ಬೇರೆ ಡ್ರಮ್ಮಿಗೆ ಬಿಟ್ಟು ನೀರು ಚಿಮ್ಮಿಸಿ ತೊಳೆಯೋಣ ಅಂತ 18 ಸಾವಿರ ಹಾಕಿದೆ. ಕಂದು ನೀರು ಸಿಕ್ಕಿತು, ಅದರ ನಾತ ಹೊಗೆಗಿಂತ ಜಾಸ್ತಿ. ಚಿಮಣಿಯನ್ನು 12 ಅಡಿಯಿಂದ 30 ಅಡಿಗೆ ಏರಿಸಿದೆ, 45 ಸಾವಿರ. ಕೆಳಗಿನ ಮನೆಗಳು ಪಾರಾದವು, ಹೊಗೆ ನೇರ ಟೀಚರ್ ಬಾಲ್ಕನಿಗೆ ಹೋಯಿತು!

ಕೊನೆಗೆ ಆಫ್ಟರ್‌ಬರ್ನರ್, ಹೊಗೆಯನ್ನೇ ಮತ್ತೆ ಸುಟ್ಟುಹಾಕುವ ಬರ್ನರ್. ಕಂಪನಿಯವರು ಮೂರು ಲಕ್ಷದ ಮೇಲೆ ಹೇಳಿದರು. ಊರಿನ ವೆಲ್ಡಿಂಗ್ ಹುಡುಗನ ಜೊತೆ ಕೂತು 90 ಸಾವಿರದಲ್ಲಿ ಮಾಡಿದೆವು. 650 ಡಿಗ್ರಿಯ ಕೆಳಗೆ ಓಡಿಸಬೇಡಿ, ಅರ್ಧ ಸುಟ್ಟ ಹೊಗೆಗೆ ಕಣ್ಣು ಉರಿಯುತ್ತದೆ. ಬೀಜದಿಂದ ಉದುರುವ ಹೊಟ್ಟನ್ನು ಹೊಗೆಯಿಂದ ಬೇರ್ಪಡಿಸುವ ಸೈಕ್ಲೋನ್ ಅದಕ್ಕಿಂತ ಮೊದಲೇ ಇರಬೇಕು. ನಮ್ಮಲ್ಲಿ ಹೊಟ್ಟು ಒಳಗೆ ಹೋಗಿ ಚಿಮಣಿ ತುದಿಯಿಂದ ಕಿಡಿ ಹಾರಿತು, ಪುಣ್ಯಕ್ಕೆ ಮಧ್ಯಾಹ್ನದ ಹೊತ್ತು, ಯಾರೂ ನೋಡಲಿಲ್ಲ. ಗ್ಯಾಸ್ ಮಾತ್ರ ಹುರಿಯುವಷ್ಟೇ ಇದಕ್ಕೂ ಬೇಕು. ಪೂರ್ತಿ ಹೊತ್ತು ಉರಿಸದೆ ಫಸ್ಟ್ ಕ್ರ್ಯಾಕ್ ಸುತ್ತಮುತ್ತ ಹಚ್ಚಿ, ಕೆ.ಜಿ.ಗೆ ಆರೇಳು ರೂಪಾಯಿಯಲ್ಲಿ ಮುಗಿಸುತ್ತೇನೆ. ಸರಿಯಾಗಿ ಯಾವಾಗ ಹಚ್ಚುವುದು, ಗಾಳಿ ಎಷ್ಟು ಬಿಡುವುದು, ಅದನ್ನು ಬರೆಯಲ್ಲ. ಅದು ಕಲಿಯಲು ಅರವತ್ತು ಕೆ.ಜಿ. ಬೀಜ ಸುಟ್ಟಿದ್ದೇನೆ ಸ್ವಾಮಿ.

ಸೈಕ್ಲೋನಿನ ಹೊಟ್ಟನ್ನು ಮೆಣಸಿನ ಬಳ್ಳಿಯ ನರ್ಸರಿ ಚೀಲಕ್ಕೆ ಹಾಕಿ ನೋಡಿದೆ. ಕೊಳೆಸದೆ ನೇರ ಹಾಕಿದ ಚೀಲಗಳಲ್ಲಿ ಎಲೆ ಹಳದಿಯಾಯಿತು. ಸಗಣಿ ಸೇರಿಸಿ ಮೂರು ತಿಂಗಳು ಕೊಳೆಸಿ ಹಾಕಿದವು ಚೆನ್ನಾಗಿ ಚಿಗುರಿವೆ. ಅಪಾರ್ಟ್‌ಮೆಂಟಿನ ಗುಲಾಬಿ ಕುಂಡಗಳಿಗೂ ಅದೇ ಗೊಬ್ಬರ ಹೋಗುತ್ತದೆ, ಪುಕ್ಕಟೆ.

ಗ್ರೈಂಡರ್ ಸದ್ದಿಗೆ ರಬ್ಬರ್ ಪ್ಯಾಡ್, ಮರಳು ಚೀಲದ ಗೋಡೆ ಸಾಕಾಯಿತು. ವಾಸದ ಜಾಗಕ್ಕೆ ಹಗಲು 55 ಡೆಸಿಬೆಲ್ ಮಿತಿ. ರಾತ್ರಿ 45, ಆ ಹೊತ್ತಿಗೆ ನಾವು ಓಡಿಸುವುದೇ ಇಲ್ಲ.

ಮಳೆಗಾಲದ ಗಾಳಿ ಪಡುವಣದಿಂದ ನೇರ ಅಪಾರ್ಟ್‌ಮೆಂಟ್ ಕಡೆಗೇ. ಅದಕ್ಕೆ ಜೂನ್‌ನಿಂದ ಡಾರ್ಕ್ ರೋಸ್ಟ್ ಮಂಗಳವಾರ, ಶುಕ್ರವಾರ ಮಾತ್ರ ಅಂತ ಗೇಟಿನ ಬೋರ್ಡಿನಲ್ಲಿ ಬರೆಸಿದೆ. ಟೀಚರ್ ಈಗ ಆ ಬೋರ್ಡ್ ನೋಡಿಕೊಂಡೇ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾರೆ.