ಬಾಲಿಯ ಹಳ್ಳೀಲಿ ಮನೆಅಳಿಯ ಆಗಿ ಆರು ಅರೆ (ಹೆಚ್ಚುಕಡಿಮೆ ಆರು ಗುಂಟೆ) ಗದ್ದೆ ತಗೊಂಡಿದ್ದು

ಊರಿಗೆ ಬಂದಾಗೆಲ್ಲ ಯಾರಾದ್ರೂ ಒಬ್ರು ಪಕ್ಕಕ್ಕೆ ಕರ್ಕೊಂಡು ಹೋಗಿ ಮೆಲ್ಲಗೆ ಕೇಳ್ತಾರೆ, ಮಾರಾಯ ಬಾಲೀಲಿ ಜಾಗ ತಗೋಬಹುದಾ, ಎಷ್ಟಾಗತ್ತೆ ಅಂತ. ನಾನು ಏಜೆಂಟೂ ಅಲ್ಲ ಲಾಯರೂ ಅಲ್ಲ. ಸಾಗರದ ಕಡೆಯೋನು, ಇಂಡೋನೇಷ್ಯಾದ ಬಾಲಿ ದ್ವೀಪದ ಕುತಾ ಅನ್ನೋ ಊರಲ್ಲಿ ಒಂದು ಇಂಡಿಯನ್ ಹೋಟೆಲಿನ ಅಡುಗೆಮನೆ ನೋಡ್ಕೊಳ್ಳೋಕೆ ಅಂತ ಬಂದೋನು, ತಬಾನನ್ ಜಿಲ್ಲೆಯ ಹುಡುಗೀನ ಮದುವೆ ಆಗಿ 2014ರಿಂದ ಅವಳ ಊರಲ್ಲೇ ಇದೀನಿ. ನನಗೆ ಏನಾಯ್ತೋ ಅದನ್ನ ಹೇಳ್ತೀನಿ, ಉಪಯೋಗಕ್ಕೆ ಬಂದ್ರೆ ನೋಡಿ.

ನಮ್ಮೂರು ಬತುಕಾರು ಬೆಟ್ಟದ ಇಳಿಜಾರಲ್ಲಿದೆ, ಏರ್‌ಪೋರ್ಟಿಂದ ಎರಡು ಗಂಟೆ ದಾರಿ ಅಂತ ಹೇಳ್ತೀವಿ ಆದ್ರೆ ಡೆನ್‌ಪಸಾರ್–ಗಿಲಿಮನುಕ್ ರೋಡಲ್ಲಿ ಜಾವಾದಿಂದ ಫೆರಿ ಇಳಿದು ಬರೋ ಲಾರಿಗಳ ಹಿಂದೆ ಸಿಕ್ಕಿ ಹಾಕ್ಕೊಂಡ್ರೆ ಮೂರೂ ಆಗತ್ತೆ ನಾಲ್ಕೂ ಆಗತ್ತೆ. ಮೇಲೆ ಬಸ್ಸಿಲ್ಲ, ಸ್ಕೂಟರ್ ಇಲ್ದೆ ಜೀವನ ಇಲ್ಲ, ಪೆಟ್ರೋಲನ್ನ ಗೂಡಂಗಡಿ ಮುಂದೆ ಬಾಟ್ಲೀಲಿ ತುಂಬಿ ಇಟ್ಟಿರ್ತಾರೆ. ಇಲ್ಲಿ ಹಳ್ಳಿಗೆ ದೇಸ ಅಂತಾರೆ. ನಮ್ಮಪ್ಪನಿಗೆ ಮೊದಲ ಸಲ ಫೋನಲ್ಲಿ ಹೇಳ್ದಾಗ, "ದೇಶ ಬಿಟ್ಟು ಹೋಗಿ ಇನ್ನೊಂದು ದೇಸ ಸೇರ್ಕೊಂಡ್ಯಾ" ಅಂದಿದ್ರು.

ಒಂದೇ ಊರಿಗೆ ಎರಡು ದೇಸ ಇರತ್ತೆ ಇಲ್ಲಿ, ಇದು ಗೊತ್ತಿಲ್ದೆ ಮೊದಲ ವರ್ಷ ಸುಮ್ಮನೆ ಓಡಾಡಿ ಸುಸ್ತಾದೆ. ಒಂದು ಸರ್ಕಾರಿ ದೇಸ, ಅದಕ್ಕೆ ಪೆರ್ಬೆಕೆಲ್ ಅಂತ ಮುಖ್ಯಸ್ಥ, ಐಡಿ ಕಾರ್ಡು ಸಹಿ ಸೀಲು ಎಲ್ಲ ಅಲ್ಲಿ. ಇನ್ನೊಂದು ಅದಾತ್ ದೇಸ, ಅಂದ್ರೆ ಸಂಪ್ರದಾಯದ್ದು, ಅದಕ್ಕೆ ಬೆಂಡೆಸಾ. ದೇವಸ್ಥಾನ, ಸ್ಮಶಾನ, ಯಾರ ಮನೆಯೋರು ಯಾವ ಕೆಲಸಕ್ಕೆ ಬರಬೇಕು, ಬರದೇ ಇದ್ರೆ ದಂಡ ಎಷ್ಟು, ಎಲ್ಲಾ ಅಲ್ಲಿ ತೀರ್ಮಾನ. ಮೊದಲನೇದು ನನ್ನ ವೀಸಾ ನೋಡ್ತು, ಎರಡನೇದು ನನ್ನನ್ನೇ ನೋಡ್ತು.

ನನ್ನ ಹೆಂಡತಿಗೆ ಅಣ್ಣತಮ್ಮಂದಿರಿಲ್ಲ, ಬರೀ ತಂಗಿಯಂದಿರು. ಬಾಲೀಲಿ ಹುಡುಗಿ ಮದುವೆ ಆದ್ರೆ ಗಂಡನ ಮನೆ ದೇವರಿಗೆ ಹೋಗ್ತಾಳೆ, ಜಮೀನು ಗಂಡುಮಕ್ಕಳಿಗೆ. ಗಂಡುಮಕ್ಕಳೇ ಇಲ್ಲ ಅಂದ್ರೆ ನ್ಯೆಂತಾನ ಅಂತ ಒಂದು ದಾರಿ ಇದೆ, ತಬಾನನ್ ಕಡೆ ಜಾಸ್ತಿ. ಹುಡುಗಿಗೆ ಪುರುಷ ಸ್ಥಾನ, ಅವರ ಭಾಷೇಲೂ ಪುರುಸಾ ಅಂತಲೇ, ಹುಡುಗ ಅವಳ ಮನೆಗೆ ಬರೋದು, ಹುಟ್ಟೋ ಮಕ್ಕಳು ಅವಳ ವಂಶಕ್ಕೆ. ನ್ಯೆಂತಾನ ಅನ್ನೋದು ಸೆಂತಾನ ಅನ್ನೋ ಪದದಿಂದ ಬಂದಿದ್ದು, ಸೆಂತಾನ ಅಂದ್ರೆ ನಮ್ಮ ಸಂತಾನವೇ. ಕರಾವಳಿಯ ಅಳಿಯಸಂತಾನ ನೆನಪಾಗಿ ನಗು ಬಂತು, ಅದರ ಲೆಕ್ಕ ಬೇರೆ ಬಿಡಿ, ಆದ್ರೆ ಅಮ್ಮನಿಗೆ ಒಪ್ಪಿಸೋಕೆ ಆ ಪದ ಸಹಾಯಕ್ಕೆ ಬಂತು. ಒಪ್ಪಿದ್ಮೇಲೂ ಅಮ್ಮ ಹೇಳಿದ್ದು ಒಂದೇ, "ಮನೆಅಳಿಯ ಅನ್ಬೇಡ, ಮಗ ಆಗಿ ಹೋದ ಅನ್ನು."

ಮನೆ ವಿಷಯ. ಮಾವನ ಮನೆ ಇರೋ ಅಂಗಳ ಅವರ ಸ್ವಂತದ್ದು ಅಂತ ನಾನು ಅಂದ್ಕೊಂಡಿದ್ದೆ, ಅಲ್ಲ. ಅದು ಪೆಕರಂಗನ್ ದೇಸ, ಜಾಗ ಅದಾತ್ ದೇಸದ್ದು, ಇವರು ಅದರಲ್ಲಿ ಇರೋದಕ್ಕೆ ಬದಲಾಗಿ ಊರಿನ ಕೆಲಸ ಹೊರಬೇಕು, ಅದಕ್ಕೆ ಅಯಾಹನ್ ಅಂತಾರೆ. ಮಾರೋ ಹಾಗಿಲ್ಲ, ಮಾರ್ತೀನಿ ಅಂದ್ರೂ ತಗೊಳ್ಳೋಕೆ ಹೊರಗಿನೋರಿಗೆ ಬರಲ್ಲ. ಬಂಜಾರ್, ಅಂದ್ರೆ ಊರಿನ ಕೇರಿ ಸಂಘ, ಅದರ ಕಟ್ಟೆ ಮೇಲೆ ಕುಲ್ಕುಲ್ ಅನ್ನೋ ಟೊಳ್ಳು ಮರ ತೂಗು ಹಾಕಿರ್ತಾರೆ, ಅದನ್ನ ಬಡಿದ್ರೆ ಮುಗೀತು, ಮನೆಗೊಬ್ರು ಹೋಗ್ಲೇಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎಪ್ಪತ್ತು ಜನ ಗಂಡಸರ ಜೊತೆ ಸಾಲಾಗಿ ಕೂತು ಮಸಾಲೆ, ತೆಂಗಿನಕಾಯಿ, ಹಂದಿಮಾಂಸ ಕೊಚ್ಚೋ ಕೆಲಸ. ನಾನು ಮಾಂಸ ತಿನ್ನಲ್ಲ, ಅದಕ್ಕೆ ತೆಂಗಿನಕಾಯಿ ನನ್ನ ಪಾಲಿಗೆ ಬಂತು, ಹೋಟೆಲ್ ಕೈ ಅಲ್ವಾ, ಸ್ಪೀಡ್ ನೋಡಿ ಎರಡನೇ ವಾರಕ್ಕೇ ಅರಿಶಿನ ಶುಂಠಿ ಸುಲಿಯೋದನ್ನೂ ನನ್ನ ಮುಂದೆ ತಂದು ಸುರಿದ್ರು. ಊರವರು ನನ್ನನ್ನ ಬ್ಲಿ, ಅಂದ್ರೆ ಅಣ್ಣ, ಅಂತ ಕರೆಯೋಕೆ ಶುರು ಮಾಡಿದ್ದು ಆಮೇಲೆನೇ.

ಆ ಅಂಗಳದಲ್ಲೇ ನಮಗೆ ಎರಡು ರೂಮು ಕಟ್ಟಿಸಿದ್ವಿ. ಇಲ್ಲಿ ಉಂಡಗಿ ಅಂತ ಸಾಂಪ್ರದಾಯಿಕ ಮೇಸ್ತ್ರಿ, ಅವರ ವಾಸ್ತುವಿಗೆ ಅಸ್ತ ಕೋಸಲ ಕೋಸಲಿ ಅಂತ ಹೆಸರು, ಅದರಲ್ಲಿ ಅಳತೆ ಅಡಿ ಮೀಟರಲ್ಲಿ ಅಲ್ಲ, ಯಜಮಾನನ ಮೈ ಅಳತೆಯಲ್ಲಿ. ಎರಡೂ ತೋಳು ಚಾಚಿದ್ರೆ ಎಷ್ಟೋ ಅದು ಒಂದು ದೆಪಾ. ನಾನು ಶರ್ಟ್ ಬಿಚ್ಚಿ ಕೈ ಚಾಚಿ ನಿಂತೆ, ಉಂಡಗಿ ನನ್ನನ್ನ ದಾಟ್ಕೊಂಡು ಹೋಗಿ ಬಿದಿರಿನ ಕೋಲನ್ನ ನನ್ನ ಮಾವನ ತೋಳಿಗೆ ಹಿಡಿದ, ಮನೆ ಯಜಮಾನ ಅವರಲ್ವಾ. ಮಾವ ಐದಡಿ ಎರಡಿಂಚು. ಹಾಗಾಗಿ ನನ್ನ ಬಾಗ್ಲಲ್ಲಿ ಇವತ್ತಿಗೂ ನಾನು ತಲೆ ತಗ್ಗಿಸಿನೇ ಹೋಗ್ತೀನಿ.

ಈಗ ಗದ್ದೆ. ಇಲ್ಲಿ ಜಮೀನು ಅರೆ ಲೆಕ್ಕ, ಒಂದು ಅರೆ ಅಂದ್ರೆ 100 ಚದರ ಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ. ಪಕ್ಕದೋರು ಆರು ಅರೆ ಮಾರ್ತಾರೆ ಅಂತ 2015ರಲ್ಲಿ ಗೊತ್ತಾಯ್ತು. ವಿದೇಶದೋರಿಗೆ ಹಕ್ ಮಿಲಿಕ್ ಇಲ್ಲ, 1960ರ ಭೂಮಿ ಕಾನೂನಿಂದಲೇ ಇಲ್ಲ, ಹಕ್ಕು ಮಾಲೀಕ ಎರಡೂ ಪದ ನಮ್ಮಲ್ಲೂ ಇರೋದ್ರಿಂದ ಅರ್ಥ ಬಿಡಿಸಿ ಹೇಳ್ಬೇಕಾಗಿಲ್ಲ. ನಮ್ಮಂಥೋರಿಗೆ ಇರೋದು ಲೀಸು, ಇಲ್ಲಾ ಹಕ್ ಪಕಾಯ್ ಅಂತ ಅವಧಿ ಇರೋ ಬಳಕೆ ಹಕ್ಕು. ಹೆಂಡತಿ ಇಲ್ಲಿಯವಳೇ ಅಲ್ವಾ, ಅವಳ ಹೆಸರಲ್ಲಿ ತಗೊಳ್ಳೋಣ ಅಂತ ನೊತಾರಿಸ್ ಹತ್ರ ಹೋದ್ವಿ. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಆಗೋ ಕೆಲಸ ಇಲ್ಲಿ ನೊತಾರಿಸ್ ಕಚೇರೀಲಿ ನಡೆಯತ್ತೆ. ಆಯಮ್ಮ ನನ್ನ ಪಾಸ್‌ಪೋರ್ಟ್ ನೋಡಿ, ಮದುವೆಗೆ ಮುಂಚೆ ಆಸ್ತಿ ಬೇರೆ ಬೇರೆ ಅಂತ ಕರಾರು ಮಾಡ್ಕೊಂಡಿದೀರಾ ಅಂದ್ರು. ಇಲ್ಲ. ಹಾಗಾದ್ರೆ ಆಗಲ್ಲ. ಯಾಕಂದ್ರೆ ಇಲ್ಲಿ ಮದುವೆ ಆದ್ಮೇಲೆ ತಗೊಂಡಿದ್ದು ಇಬ್ಬರ ಆಸ್ತಿ, ಅರ್ಧ ನಂದಾಗತ್ತೆ, ನಾನು ವಿದೇಶಿ, ಅಂಥ ಹಕ್ಕು ಬಂದ್ರೆ ಒಂದು ವರ್ಷದೊಳಗೆ ಬಿಡಬೇಕು. ಅಂದ್ರೆ ನನ್ನ ಮದುವೆ ಆಗಿದ್ದಕ್ಕೆ ಅವಳಿಗೆ ಅವಳ ದೇಶದಲ್ಲೇ ಜಮೀನು ತಗೊಳ್ಳೋ ಹಾಗಿಲ್ಲ. ವಾಪಸ್ ಬರ್ತಾ ಸ್ಕೂಟರಲ್ಲಿ ಅವಳು ಒಂದು ಮಾತೂ ಆಡ್ಲಿಲ್ಲ.

ಆ ಟೈಮಲ್ಲೇ ಒಬ್ಬ ಬ್ರೋಕರ್ ಗಂಟು ಬಿದ್ದ. ಯಾರಾದ್ರೂ ನೆಂಟರ ಹೆಸರಲ್ಲಿ ಮಾಡ್ಸಿ, ಒಳಗೊಂದು ಸಾಲಪತ್ರ, ಒಂದು ಪವರ್ ಆಫ್ ಅಟಾರ್ನಿ ಬರೆಸ್ಕೊಳ್ಳಿ ಅಂದ. ಇದಕ್ಕೆ ಇಲ್ಲಿ ಪಿಂಜಮ್ ನಾಮಾ ಅಂತಾರೆ, ನಾಮ ಅಂದ್ರೆ ಹೆಸರು, ಸಾಲ ತಗೊಂಡ ಹೆಸರು. ಕನ್ನಡದೋನಿಗೆ ಕೇಳಿದ ಕೂಡಲೇ ಹಣೆ ಮೇಲೆ ಬೀಳೋ ನಾಮ ಕಾಣ್ಸತ್ತೆ. ಸಿಕ್ಕಿಬಿದ್ರೆ ವ್ಯವಹಾರವೇ ಅಸಿಂಧು, ಜಾಗ ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಕೇಳೋ ಹಾಗಿಲ್ಲ, ಕಾನೂನಲ್ಲೇ ಹಾಗೆ ಬರೆದಿದೆ. ಆದ್ರೂ ಬಾಲಿ ತುಂಬ ಇದೇ ನಡೀತಾ ಇದೆ, ದಯವಿಟ್ಟು ನೀವು ಮಾಡ್ಬೇಡಿ.

ನಮ್ಮ ಅದೃಷ್ಟ, ಜಪಾನಿನೋರನ್ನ ಮದುವೆ ಆಗಿದ್ದ ಒಬ್ಬ ಇಂಡೋನೇಷ್ಯಾ ಹೆಂಗಸು ಇದೇ ಸಂಕಟಕ್ಕೆ ಸಾಂವಿಧಾನಿಕ ಕೋರ್ಟಿಗೆ ಹೋಗಿದ್ರು, 2016ರ ಅಕ್ಟೋಬರಲ್ಲಿ ತೀರ್ಪು ಬಂತು, ಮದುವೆ ಆದ್ಮೇಲೂ ಆಸ್ತಿ ಕರಾರು ಮಾಡ್ಕೋಬಹುದು ಅಂತ. 2017ರಲ್ಲಿ ನಾವೂ ಮಾಡ್ಸಿ ಸಿವಿಲ್ ರಿಜಿಸ್ಟ್ರಿ ಕಚೇರೀಲಿ ನೋಂದಾಯಿಸಿದ್ವಿ. ಪುಣ್ಯಕ್ಕೆ ಗದ್ದೆ ಇನ್ನೂ ಮಾರಾಟ ಆಗಿರ್ಲಿಲ್ಲ. ಕರಾರಿನ ಪ್ರಕಾರ ಆ ಗದ್ದೆ ಮೇಲೆ ನನಗೆ ನಯಾಪೈಸೆ ಹಕ್ಕಿಲ್ಲ. ಸಹಿ ಹಾಕುವಾಗ ನೊತಾರಿಸ್ ಎರಡು ಸಲ ಕೇಳಿದ್ರು, ಅರ್ಥ ಆಗಿದೆ ತಾನೇ ಅಂತ.

ಖರೀದಿ ಸಲೀಸಾಗಿ ಆಯ್ತು, ಸರ್ಟಿಫಿಕೇಟ್ ಅಸಲಿಯಾ ಅಂತ ಭೂಮಿ ಕಚೇರೀಲಿ ಚೆಕ್ ಮಾಡ್ಸಿದ್ದು, ಕೊಳ್ಳೋರ ತೆರಿಗೆ 5 ಪರ್ಸೆಂಟು, ಮಾರೋರದ್ದು 2.5. ಹೆಂಡತಿ ಐಡಿ ಕಾರ್ಡಲ್ಲಿ ಅದೇ ಊರಿನ ವಿಳಾಸ ಇದ್ದಿದ್ದು ಒಳ್ಳೇದಾಯ್ತು, ದೂರದಲ್ಲಿ ಕೂತೋರು ಗದ್ದೆ ಇಟ್ಕೊಳ್ಳೋ ಹಾಗಿಲ್ಲ. ಇನ್ನೊಂದು, ಆ ಗದ್ದೆ ಹಸಿರು ಪಟ್ಟೀಲಿ ಬರತ್ತೆ, ಅಲ್ಲಿ ಮನೆ ಕಟ್ಟೋಕಾಗಲ್ಲ. ಅದಕ್ಕೇ ನಮ್ಮ ಕೈಗೆ ಎಟುಕೋ ರೇಟಿಗೆ ಸಿಕ್ಕಿದ್ದು. ಗದ್ದೆ ವ್ಯೂ ಇರೋ ವಿಲ್ಲಾ ಅಂತ ಕನಸು ಕಾಣೋರು ಮೊದಲು ಆ ಪಟ್ಟಿಯ ನಕ್ಷೆ ನೋಡಿ.

ಗದ್ದೆ ಬಂದ್ರೆ ನೀರು ಬರಲ್ಲ, ನೀರು ಸುಬಕ್‌ದು. ನೂರಾರು ವರ್ಷದ ನೀರಿನ ಸಂಘ ಅದು, 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಕಾಲುವೇಲಿ ತೆಂಬುಕು ಅಂತ ಅಡ್ಡ ದಿಮ್ಮಿ ಇರತ್ತೆ, ಅದರಲ್ಲಿ ಅವರವರ ಪಾಲಿಗೆ ತಕ್ಕ ಅಗಲದ ಕಚ್ಚು. ಮೊದಲ ನಾಟಿ ವರ್ಷ ನಮ್ಮ ಗದ್ದೆ ಮೂಲೇಲಿ ನೀರು ಏರ್ತಾನೇ ಇರ್ಲಿಲ್ಲ, ನಮ್ಮೂರಲ್ಲಿ ತೋಟಕ್ಕೆ ನೀರು ಕಟ್ಟಿ ಅಭ್ಯಾಸ ಇರೋನು ನಾನು, ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ಪಕ್ಕದ ಕಚ್ಚಿಗೆ ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು ಒತ್ತಿಟ್ಟು ಬಂದೆ. ಯಾರೂ ನೋಡಿಲ್ಲ ಅಂದ್ಕೊಂಡೆ. ಸುಬಕ್ ಸಭೇಲಿ ಪೆಕಾಸೆಹ್, ಅಂದ್ರೆ ಅದರ ಮುಖ್ಯಸ್ಥ, ಆ ಕಲ್ಲನ್ನ ಸಾರೊಂಗ್ ಮಡಿಲಿಂದ ತೆಗೆದು ನಡುವೆ ಇಟ್ರು. ಯಾರದ್ದು ಅಂತ ಕೇಳಲೂ ಇಲ್ಲ. ನಾನೇ ಎದ್ದು ನಿಂತೆ. ದಂಡ ಒಂದು ಲಕ್ಷ ರುಪಿಯಾ, ನಮ್ಮ ದುಡ್ಡಲ್ಲಿ ಹೆಚ್ಚುಕಡಿಮೆ ಐನೂರು. ಮಾವ ಪಕ್ಕದಲ್ಲೇ ಕೂತು ಸಿಗರೇಟ್ ಸೇದ್ತಾ ಇದ್ರು, ಮನೆಗೆ ಬಂದ್ಮೇಲೂ ಏನೂ ಅನ್ಲಿಲ್ಲ, ಮಾರನೇ ದಿನ ಗದ್ದೆಗೆ ಕರ್ಕೊಂಡು ಹೋಗಿ ಆ ಮೂಲೆಯ ಬದೂಲಿ ಏಡಿ ಮಾಡಿದ್ದ ತೂತು ತೋರ್ಸಿದ್ರು. ನೀರೆಲ್ಲ ಅಲ್ಲಿ ಸೋರ್ತಾ ಇತ್ತು.

ಬರೋರಿಗೆ ಒಂದು ಮಾತು, ಮಾರ್ಚಲ್ಲಿ ಟಿಕೆಟ್ ಮಾಡೋ ಮುಂಚೆ ನ್ಯೆಪಿ ಯಾವತ್ತು ಅಂತ ನೋಡ್ಕೊಳ್ಳಿ. ಅವತ್ತು ಏರ್‌ಪೋರ್ಟ್ 24 ಗಂಟೆ ಬಂದ್, ರಸ್ತೇಲಿ ನಡೆಯೋ ಹಾಗಿಲ್ಲ, ಲೈಟ್ ಬೆಂಕಿ ಇಲ್ಲ, ಮೊಬೈಲ್ ಡೇಟಾನೂ ಕಟ್. ಅದು ಅವರ ಶಕ ವರ್ಷದ ಹೊಸವರ್ಷ, ಕೆಲವು ವರ್ಷ ನಮ್ಮ ಯುಗಾದಿಗೆ ಅಂಟ್ಕೊಂಡೇ ಬರತ್ತೆ. 2023ರಲ್ಲಿ ಎರಡೂ ಮಾರ್ಚ್ 22ಕ್ಕೇ ಬಿದ್ವು, ಅಮ್ಮ ಇಲ್ಲೇ ಇದ್ರು. ಬೇವು ಸಿಗ್ಲಿಲ್ಲ, ಹಾಗಲಕಾಯಿ ಚೂರು ಬೆಲ್ಲ ತಿಂದ್ವಿ. ಸಂಜೆ ಆಯ್ತು, ಹಬ್ಬದ ದಿನ ದೇವರಿಗೆ ದೀಪ ಇಲ್ದೆ ಹೇಗೋ ಅಂತ ಅಮ್ಮ ಒಳಮನೇಲಿ ಒಂದು ಸಣ್ಣ ದೀಪ ಹಚ್ಚಿ ಅನ್ನದ ಬುಟ್ಟಿ ಕವುಚಿ ಮುಚ್ಚಿದ್ರು. ಹತ್ತು ನಿಮಿಷಕ್ಕೆ ಬಾಗ್ಲಲ್ಲಿ ಪೆಚಾಲಾಂಗ್, ಊರ ಕಾವಲಿನೋರು, ಬಿದಿರಿನ ಸಂದೀಲಿ ಬೆಳಕು ಕಂಡಿದೆ. ಮಾವ ಎದ್ದು ಹೋಗಿ ಮೆಲ್ಲಗೆ ಏನೋ ಹೇಳಿದ್ರು, ಅಮ್ಮ ಗೊಣಗ್ತಾ ದೀಪ ಶಾಂತ ಮಾಡಿದ್ರು. ಏನ್ ಹೇಳಿದ್ರಿ ಬಾಪಾ ಅಂತ ಕತ್ತಲಲ್ಲೇ ಕೇಳಿದೆ.

"ನಮ್ಮ ಬೀಗಿತ್ತಿ ಹೊಸಬರು, ಮುಂದಿನ ಕೆಲಸಕ್ಕೆ ಅವರ ದಂಡದ ಬದಲು ಅಳಿಯ ಎರಡು ಬುಟ್ಟಿ ತೆಂಗಿನಕಾಯಿ ಜಾಸ್ತಿ ತುರೀತಾನೆ ಅಂದೆ."