ಕಾಳಿಗೆ ಬರಲಿಲ್ಲ, ಹನಿಗೆ ಬಂದವು

"ಕೋಥ್ರೂಡಿನ ಹಿತ್ತಲದಾಗ ಪಾರಿವಾಳ ಬಿಟ್ರ ಏನ್ ಬರ್ತಾವೋ ಮಾರಾಯಾ? ಭಿಗವಣಕ್ಕ ನಡಿ" ಅಂತ ಧಾರವಾಡದ ಗೆಳೆಯರು ನಕ್ಕಿದ್ದರು. ಕೋಥ್ರೂಡು ಪುಣೆಯಲ್ಲಿ ನಮ್ಮ ಬಡಾವಣೆ, ಭಿಗವಣ ಹಕ್ಕಿ ನೋಡುವವರು ಹೋಗುವ ಹಿನ್ನೀರಿನ ಊರು. ಈ ನವೆಂಬರ್ ಕೊನೆಗೆ ನಮ್ಮ ಹಿತ್ತಲಿಗೆ ಬಂದ ಹಕ್ಕಿಗಳ ಪಟ್ಟಿ ಇಪ್ಪತ್ತು ದಾಟಿದೆ.

ಕಾಳಿನ ಕಥೆ ಮೊದಲು ಮುಗಿಸುತ್ತೇನೆ. ಆನ್‌ಲೈನಿನಲ್ಲಿ ತರಿಸಿದ ತೂಗುಡಬ್ಬಿಗೆ ಎಂಟುನೂರರ ಹತ್ತಿರ, ಮೇಲೆ ತಿಂಗಳಿಗೆ ನಾಲ್ಕೈದು ಕಿಲೋ ಸಜ್ಜೆ. ತಿಂದದ್ದೆಲ್ಲ ಪಾರಿವಾಳ, ಬೈಸಿಕೊಂಡದ್ದು ನಾನು. ಸಾವಿರದ ಚಿಲ್ಲರೆಯ ಸೋಲಾರ್ ಕಾರಂಜಿ ಬೋರ್ ನೀರಿನ ಸುಣ್ಣ ಕಟ್ಟಿ ದೀಪಾವಳಿಗೆ ಮುಂಚೆಯೇ ನಿಂತಿತು.

ಕೈಹಿಡಿದದ್ದು ಔಷಧದಂಗಡಿಯ ಸಲೈನ್ ಸೆಟ್, ರೋಗಿಗೆ ಹನಿಹನಿಯಾಗಿ ಸಲೈನ್ ಇಳಿಸುವ ನಳಿಕೆ. ಮೂವತ್ತು ರೂಪಾಯಿ ಇದ್ದೀತು. ಪೇರಲ ಕೊಂಬೆಗೆ ಐದು ಲೀಟರಿನ ಕ್ಯಾನು, ಅದಕ್ಕೆ ಈ ನಳಿಕೆ, ಕೆಳಗೆ ಅಗಲವಾದ ಮಣ್ಣಿನ ತಟ್ಟೆ, ನೀರು ಎರಡು ಬೆರಳಿಗಿಂತ ಆಳ ಬೇಡ. ಎರಡು ಸೆಕೆಂಡಿಗೊಂದು ಹನಿ ಬಿಟ್ಟರೆ ಕ್ಯಾನು ಎರಡು ದಿನಕ್ಕೆ ಸಾಕಾಗುತ್ತದೆ. ನಿಂತ ನೀರಿಗೆ ಕಾಗೆಯಷ್ಟೇ ಬರುತ್ತಿತ್ತು. ಪೊದೆಯೊಳಗಿನವು ಹೊರಬಿದ್ದದ್ದು ತೊಟ್ಟಿಕ್ಕುವ ಸದ್ದಿಗೆ. ಡೆಂಗಿ ಬರುತ್ತದೆಂದು ಸೊಸೈಟಿಯಲ್ಲಿ ಗದ್ದಲವೆದ್ದಿತು. ಮೊಟ್ಟೆ ಸೊಳ್ಳೆಯಾಗಲು ವಾರವಾದರೂ ಬೇಕು. ನಾನು ದಿನಾ ತಟ್ಟೆಯ ನೀರು ಚೆಲ್ಲಿ ತೆಂಗಿನ ನಾರಿನಿಂದ ಉಜ್ಜುತ್ತೇನೆ. ಉಜ್ಜಲೇಬೇಕು, ಮೊಟ್ಟೆ ಅಂಚಿಗೆ ಅಂಟಿರುತ್ತವೆ.

ಬೆಳಗಿನ ಚಳಿಯಲ್ಲಿ ಬೈನಾಕ್ಯುಲರ್ ಹಿಡಿದು ಕೂರುವುದು ದಂಡ. ಇವಕ್ಕೆ ಸ್ನಾನದ ಹೊತ್ತು ಹನ್ನೊಂದರಿಂದ ಒಂದು. ಮೊದಲು ಎಲೆ ಹೊಲಿದು ಗೂಡು ಕಟ್ಟುವ ಟುವ್ವಿ, ಆಮೇಲೆ ಶಾಲೆ ಬಿಟ್ಟ ಹುಡುಗರಂತೆ ಕಣ್ಣಿಗೆ ಬಿಳಿ ಉಂಗುರದ ಬೆಳ್ಗಣ್ಣಗಳು. ಪಿಕಳಾರ (ಬುಲ್‌ಬುಲ್) ಇಳಿದರೆ ಉಳಿದವೆಲ್ಲ ಕೊಂಬೆಗೆ. ಚಳಿಗಾಲಕ್ಕೆ ಬರುವ ಹಸಿರು ಉಲಿಯಕ್ಕಿ (ವಾರ್ಬ್ಲರ್) ತಟ್ಟೆಗಿಳಿಯದು, ಒದ್ದೆ ಎಲೆಗೇ ಮೈ ತಿಕ್ಕುತ್ತದೆ. ಎಲೆ ಒದ್ದೆಯಾಗಿಡುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ. ಬಾಲ ಮೇಲೆತ್ತಿ ಬುಡದ ಬಿಳಿ ತೋರಿಸುವ ಕೆಂಪೆದೆಯ ನೊಣಹಿಡುಕ ಕೊನೆಗೆ, ಒಂಟಿಯಾಗಿ. ಪೂರ್ವ ಯುರೋಪ್, ರಷ್ಯಾ ಕಡೆ ಮರಿ ಮಾಡುವ ಅಂಗೈಯಗಲದ ಜೀವ, ಪುಣೆಯ ಪೇರಲ ಗಿಡಕ್ಕೆ! ಭಿಗವಣಕ್ಕೆ ಹೋದವರು ಆ ದಿನ ಡೀಸೆಲ್ಲಿಗೇ ಎರಡು ಸಾವಿರ ಸುಟ್ಟಿದ್ದರು.

ತಟ್ಟೆ ಪೊದೆಯಿಂದ ಒಂದು ಮಾರು ದೂರವಿರಲಿ. ಹತ್ತಿರವಾದರೆ ಬೆಕ್ಕು, ದೂರವಾದರೆ ಹಕ್ಕಿಗೆ ಧೈರ್ಯ ಸಾಲದು.

ನಡುವೆ ಪಪ್ಪಾಯಿ ಹೋಳು ತೂಗಿಸಿ ನೋಡಿದೆ, ಇರುವೆಗೇ ಹಬ್ಬ. ನೇರಳೆ ಬುಡದ ತರಗು ಗುಡಿಸಬೇಡವೆಂದು ಮಾಲಿಗೆ ಹೇಳಿದ್ದು ಮಾತ್ರ ಫಲ ಕೊಟ್ಟಿತು: ಕಪ್ಪು-ಬಿಳುಪಿನ ಮಡಿವಾಳ ಹಕ್ಕಿ ದಿನವೂ ಕೆದಕುತ್ತದೆ, ಮುಂಗುಸಿ ಸಂಜೆಗೊಮ್ಮೆ. ಮಾಲಿಗೂ ಖುಷಿ, ಕೆಲಸ ಕಡಿಮೆ, ಸಂಬಳ ಅಷ್ಟೇ.